ಅಮ್ಮ ರೈಲು ನೋಡಲು ಹೋದ ರಾತ್ರಿ

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳೋದಕ್ಕೆ ನನಗೆ ಯಾವ ಸಂಕೋಚವೂ ಇಲ್ಲ. ಚಿಂತಾಮಣಿಯ ಕಾಲೇಜಿಗೆ ಬೆಳಗಿನ ಬಸ್ಸಿನಲ್ಲಿ ನಿಂತೇ ಹೋಗಿ, ಸಂಜೆ ನಿಂತೇ ಬಂದು, ರೇಷ್ಮೆ ಹುಳು ಸಾಕುವ ಮನೆಯ ಮಂಕು ದೀಪದಲ್ಲಿ ಓದಿ ಬಿ.ಎಸ್ಸಿ. ಪಾಸು ಮಾಡಿದವಳು. ಆಮೇಲೆ ಚಿಕ್ಕಬಳ್ಳಾಪುರದಲ್ಲಿ ಬಿ.ಎಡ್. ಅದಾದ ಮೇಲೆ ಖಾಸಗಿ ಶಾಲೆಯಲ್ಲಿ ಪಾಠ ಮಾಡಿಕೊಂಡು, ಪರೀಕ್ಷೆಗೆ ಕಟ್ಟಿ, ಫೇಲಾಗಿ, ಮತ್ತೆ ಕಟ್ಟಿ ಕಳೆದ ವರ್ಷಗಳು. ನಮ್ಮ ವಿಭಾಗದಲ್ಲಿ ಪೈಪೋಟಿ ಜಾಸ್ತಿ ಅಂತ ಕಡೆಯ ಸಲ ಕಲಬುರಗಿ ವಿಭಾಗಕ್ಕೆ ಅರ್ಜಿ ಹಾಕಿದ್ದೆ. ಬಂತು. ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಕೆಲಸ.

ಆದೇಶ ಕೈಗೆ ಬಂದ ದಿನ ಅಪ್ಪ ಅದನ್ನು ದೇವರ ಗೂಡಿನಲ್ಲಿಟ್ಟು ಕೈ ಮುಗಿದ. ಅಮ್ಮ ಕೈ ಮುಗಿಯುವ ಮುಂಚೆ ಊರು ಯಾವುದು ಅಂತ ಕೇಳಿದಳು.

"ಯಾದಗಿರಿ ಕಡೆ ಒಂದು ಹಳ್ಳಿ."

"ಅದೆಲ್ಲಿ ಬರತ್ತೆ?"

"ರಾಯಚೂರು ದಾಟಿ."

"ರಾಯಚೂರು ಎಲ್ಲಿ ಬರತ್ತೆ?"

"ರೈಲಲ್ಲಿ ರಾತ್ರಿ ಕೂತ್ರೆ ಬೆಳಗಾಗೋ ಹೊತ್ಗೆ ಬರತ್ತೆ ಕಣಮ್ಮ."

ರಾತ್ರಿ ಊಟಕ್ಕೆ ಕೂತಾಗ ಮುದ್ದೆ ಮುರಿಯುತ್ತಾ ಅಮ್ಮ ಅಂದಳು: "ಬೇಡ ಬಿಡು. ಇಷ್ಟ್ ದಿನ ಕಾದಿದೀವಿ, ಇನ್ನೊಂದ್ ವರ್ಷ ಕಾಯಣ. ಇಲ್ಲೇ ದಿಬ್ಬೂರಹಳ್ಳೀಲೋ ಶಿಡ್ಲಘಟ್ಟದಲ್ಲೋ ಸಿಗತ್ತೆ."

ಕೆಲಸ ಹಾಗೆ ಸಿಗೋದಿಲ್ಲ. ಈಗ ಹೋಗಿ ವರದಿ ಮಾಡಿಕೊಳ್ಳದಿದ್ದರೆ ಆದೇಶ ರದ್ದು, ಮತ್ತೆ ಪರೀಕ್ಷೆ, ಮತ್ತೆ ನನ್ನ ವಯಸ್ಸು. ಇದನ್ನೆಲ್ಲಾ ಎರಡು ಸಲ ಬಿಡಿಸಿ ಹೇಳಿದೆ. ಅಮ್ಮ ಎರಡೂ ಸಲ ಪೂರ್ತಿ ಕೇಳಿಸಿಕೊಂಡು, "ಅದೆಲ್ಲ ಸರಿ ಕಣೇ, ಆದ್ರೆ ಬೇಡ" ಅಂದಳು. ಗಡುವು ಮುಂದಿನ ವಾರಕ್ಕೆ ಮುಗಿಯುತ್ತಿತ್ತು.

ಅಮ್ಮನಿಗೆ ರಾತ್ರಿಯ ಭಯ ಅಂತ ಯಾರೂ ತಿಳಿಯಬಾರದು. ಹುಳು ಸಾಕುವ ಮನೆಯ ಹೆಂಗಸಿಗೆ ರಾತ್ರಿ ಅನ್ನೋದು ಇನ್ನೊಂದು ಪಾಳಿ, ಅಷ್ಟೇ. ನಾಲ್ಕನೇ ಸಲ ಪೊರೆ ಬಿಟ್ಟು, ನಮ್ಮ ಮಾತಲ್ಲಿ ನಾಲ್ಕನೇ ಜ್ವರ ಎದ್ದ ಮೇಲೆ, ಹುಳುಗಳಿಗೆ ಹಸಿವು ಸುರುವಾಗುತ್ತೆ. ಆಗ ನಡುರಾತ್ರಿಯಲ್ಲೂ ಸೊಪ್ಪು ಹಾಕಬೇಕು. ನಾನು ಹುಟ್ಟುವ ಮೊದಲಿಂದ ಅಮ್ಮ ಅದನ್ನು ಮಾಡುತ್ತಾ ಬಂದವಳು. ತೋಟಕ್ಕೆ ಒಬ್ಬಳೇ ಬ್ಯಾಟರಿ ಹಿಡಿದು ಹೋಗುತ್ತಾಳೆ, ಹಾವು ಕಂಡರೆ ದಾರಿ ಬಿಟ್ಟು ನಿಲ್ಲುತ್ತಾಳೆ, ಆಮೇಲೆ ಮುಂದೆ ಹೋಗುತ್ತಾಳೆ. ಅವಳ ಹೆದರಿಕೆಯೇ ಬೇರೆ. ಅವಳಿಗೆ ಗೊತ್ತಿದ್ದ ರೈಲು ನಮ್ಮ ಕಡೆಯದು ಮಾತ್ರ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿ ಮೇಲೆ ಹೋಗುವ ಪುಟ್ಟ ರೈಲು. ಹಗಲು ಹೊತ್ತು ಬರುತ್ತೆ, ಅರ್ಧಕ್ಕರ್ಧ ಖಾಲಿ ಇರುತ್ತೆ, ಹತ್ತಿದವರಲ್ಲಿ ಒಬ್ಬರಾದರೂ ಪರಿಚಯದವರು ಸಿಗುತ್ತಾರೆ. ರಾತ್ರಿಯಿಡೀ ಓಡುವ ರೈಲು, ಅದರೊಳಗೆ ಮಲಗುವ ಜನ, ಇದು ಅವಳ ಲೆಕ್ಕಕ್ಕೇ ಸಿಗಲಿಲ್ಲ.

"ಎಲ್ಲಿ ಮಲಗ್ತೀಯಾ ಅದ್ರಲ್ಲಿ?"

"ಬರ್ತ್ ಇರತ್ತಮ್ಮ. ಹಲಗೆ ಥರ."

"ಪಕ್ಕದ್ ಹಲಗೇಲಿ ಯಾರು?"

"ಯಾರೋ ಇರ್ತಾರೆ."

"ಯಾರೋ ಅಂದ್ರೆ?"

ಇದಕ್ಕೆ ಬಿ.ಎಸ್ಸಿ.ಯಲ್ಲೂ ಉತ್ತರ ಇರಲಿಲ್ಲ, ಬಿ.ಎಡ್.ನಲ್ಲೂ ಇರಲಿಲ್ಲ.

ದಾರಿ ತೋರಿಸಿದ್ದು ಅಪ್ಪ. ಅವನು ಸುರುವಿನಿಂದಲೂ ನನ್ನ ಕಡೆ. "ನೋಡ್ಕೊಂಡೇ ಬಂದ್ಬಿಡಣ" ಅಂದ. "ಗೌರಿಬಿದನೂರಲ್ಲಿ ನಿಲ್ಲತ್ತಂತೆ ಆ ರೈಲು. ರಾತ್ರಿಯೆಲ್ಲ ಅಲ್ಲೇ ಕೂತಿದ್ದು, ಇದು ಹೋಗೋದೂ ನೋಡಣ, ಬೇರೇವು ಬರೋದೂ ನೋಡಣ. ನೋಡಿದ್ಮೇಲೂ ಬೇಡ ಅನ್ಸಿದ್ರೆ ಬೇಡ."

ಬೇರೆಯವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮಗೆ ಅನ್ನಿಸಲಿಲ್ಲ. ನಮ್ಮ ಕಸುಬಿನವರು ನೋಡದೆ ಏನನ್ನೂ ತರುವುದಿಲ್ಲ. ಮರಿ ಹುಳು ತರುವಾಗ ಕಾಗದ ಎತ್ತಿ, ಬೆಳಕಿಗೆ ಹಿಡಿದು, ಉಸಿರು ಬಿಟ್ಟು, ತಲೆ ಎತ್ತುತ್ತವಾ ನೋಡಿಯೇ ತರೋದು. ಸೊಪ್ಪು ಕೊಳ್ಳಬೇಕಾದರೆ ತೋಟದ ಸಾಲು ಸಾಲೂ ನಡೆದು, ಎಲೆ ಮುಟ್ಟಿ, ಧೂಳು ಎಷ್ಟಿದೆ ನೋಡಿಯೇ ಮಾತು. ಹಾಗಿರುವಾಗ ಮಗಳನ್ನು ಕೂರಿಸುವ ರೈಲನ್ನು ನೋಡದೆ ಇರೋದುಂಟೇ?

ಕಾಲವೂ ಕೂಡಿ ಬಂದಿತ್ತು. ರೇಷ್ಮೆ ಗೂಡು ಮಾರ್ಕೆಟ್ಟಿಗೆ ಹಾಕಿ ಆಗಿತ್ತು. ಹುಳುಮನೆ ತೊಳೆದು, ಸುಣ್ಣ ಬಳಿದು, ಬ್ಲೀಚಿಂಗ್ ಹೊಡೆದು ಬಾಗಿಲು ಹಾಕಿದ್ದೆವು. ಒಂದು ಬೆಳೆಗೂ ಇನ್ನೊಂದು ಬೆಳೆಗೂ ನಡುವೆ ಸಿಗುವ ಆ ಕೆಲವು ದಿನಗಳಲ್ಲಿ ಮಾತ್ರ ನಮ್ಮ ಮನೆಯ ಮೂವರೂ ಒಟ್ಟಿಗೆ ಹೊರಗೆ ಮಲಗಬಹುದು. ಮದುವೆ ಮುಂಜಿಗಳಿಗೂ ನಾವು ಹಾಗೆ ಹೋಗಿದ್ದು ಕಡಿಮೆ. ಹಸುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಚಿತ್ರಾನ್ನ ಕಟ್ಟಿಕೊಂಡು, ಚಿಕ್ಕಬಳ್ಳಾಪುರಕ್ಕೆ ಬಂದು, ಮಂಚೇನಹಳ್ಳಿ ಮೇಲೆ ಹೋಗುವ ಬಸ್ಸು ಹಿಡಿದೆವು. ಬಸ್ಸಿನಲ್ಲಿ ಪಕ್ಕದ ಹೆಂಗಸು ಅಮ್ಮನನ್ನು ಎಲ್ಲಿಗೆ ಅಂತ ಕೇಳಿದಳು.

"ರೈಲು ನೋಡಕ್ಕೆ."

"ಯಾರಾದ್ರೂ ಬರ್ತಾರಾ?"

"ಇಲ್ಲಮ್ಮ. ರೈಲೇ ಬರೋದು."

ಆಕೆ ಕಿಟಕಿಯ ಕಡೆ ತಿರುಗಿಕೊಂಡಳು.

ಗೌರಿಬಿದನೂರು ಸ್ಟೇಷನ್ ಸೇರುವಾಗ ಕತ್ತಲಾಗಿತ್ತು. ಅಪ್ಪ ಪ್ಲಾಟ್‌ಫಾರ್ಮ್ ಟಿಕೆಟ್ ತಂದ. ಇನ್ನೂ ಬಿಸಿ ಉಳಿದಿದ್ದ ಸಿಮೆಂಟಿನ ಬೆಂಚಿನ ಮೇಲೆ ಟವೆಲ್ ಹಾಸಿ ಮೂವರೂ ಕೂತೆವು. ಬಾವುಟ ಹಿಡಿದು ಓಡಾಡುತ್ತಿದ್ದ ರೈಲ್ವೆಯವರೊಬ್ಬರು ನಮ್ಮನ್ನು ನೋಡಿ ಯಾವ ಗಾಡಿ ಅಂತ ಕೇಳಿದರು. ಅಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವರು ನಗಲಿಲ್ಲ. "ಹಳದಿ ಗೆರೆ ದಾಟ್ಬೇಡಿ. ನಿಲ್ದೇ ಹೋಗೋ ಗಾಡಿಗಳು ಜೋರಾಗ್ ಬರ್ತವೆ" ಅಂತಷ್ಟೇ ಹೇಳಿ ಹೋದರು.

ಅವರು ಹೇಳಿದ್ದರ ಅರ್ಥ ಸ್ವಲ್ಪ ಹೊತ್ತಿಗೆ ಗೊತ್ತಾಯಿತು. ಮೊದಲು ಹಳಿ ಸಣ್ಣಗೆ ಸದ್ದು ಮಾಡಿತು. ಆಮೇಲೆ ದೂರದಲ್ಲಿ ಒಂದು ದೀಪ. ಅದು ಬರುತ್ತಿದೆಯೋ ನಿಂತಿದೆಯೋ ಅಂತ ನೋಡುತ್ತಿರುವಾಗಲೇ ಎದುರಿಗೆ ಬಂದು, ಗಾಳಿ ನಮ್ಮ ಮೇಲೆ ಬಿದ್ದು, ಅಮ್ಮನ ಸೆರಗು ಹಾರಿ ಅಪ್ಪನ ಮುಖಕ್ಕೆ ಸುತ್ತಿಕೊಂಡಿತು. ಕಿಟಕಿಗಳು ಒಂದಕ್ಕೊಂದು ಅಂಟಿಕೊಂಡು ಹೋದವು. ಅಷ್ಟರಲ್ಲೇ ಏನೇನೋ ಕಂಡಿತು: ಯಾರದೋ ಮೊಣಕೈ, ಮಗುವಿನ ಹಣೆ, ಕಿಟಕಿಗೆ ಒಣಗಲು ಹಾಕಿದ ಕೆಂಪು ಟವೆಲ್ಲು. ಕೊನೆಯ ಡಬ್ಬಿಯ ಕೆಂಪು ದೀಪ ಸಣ್ಣದಾಗಿ ಕಣ್ಮರೆಯಾದ ಮೇಲೂ ಅಮ್ಮ ಆ ಕಡೆಗೇ ನೋಡುತ್ತಿದ್ದಳು.

"ಇಷ್ಟೊಂದ್ ಜನ ಎಲ್ಲಿಗ್ ಹೋಗ್ತಾರೆ? ಮನೆ ಮಠ ಇಲ್ವಾ ಇವ್ರಿಗೆ?"

"ಮನೇಗೇ ಹೋಗ್ತಿರ್ಬೋದು ಕಣಮ್ಮ."

"ಅಷ್ಟ್ ಜೋರಾಗಾ?"

ನಾನು ರೈಲು ನೋಡುತ್ತಾ ಬೆಳೆದವಳಲ್ಲ. ಯಾರೋ ಎಲ್ಲಿಗೋ ಹೋಗುವುದನ್ನು ಸುಮ್ಮನೆ ಕೂತು ನೋಡುವುದರಲ್ಲಿ ಇಂಥ ಸುಖ ಇದೆ ಅಂತ ಆ ರಾತ್ರಿ ತಿಳಿಯಿತು. ಬಸ್ಸಿನಲ್ಲಿ ಹೋಗುವವರು ನಮ್ಮ ಥರದವರು, ಎಲ್ಲಿಗೆ ಹೋಗುತ್ತಾರೆ ಅಂತ ಊಹಿಸಬಹುದು. ಈ ರೈಲಿನವರನ್ನು ಊಹಿಸಲಾಗುವುದಿಲ್ಲ. ಗೂಡ್ಸ್ ಗಾಡಿಯೊಂದು ಎಷ್ಟು ಹೊತ್ತು ಹೋದರೂ ಮುಗಿಯದೆ ಹೋಯಿತು. ಇನ್ನೊಂದು ರೈಲು ಬಂದು ನಿಂತು, ಯಾರೂ ಇಳಿಯದೆ, ಯಾರೂ ಹತ್ತದೆ, ಹಾಗೇ ಹೊರಟಿತು. ಅಪ್ಪನಿಗೆ ಅದು ಸರಿ ಕಾಣಲಿಲ್ಲ. "ಸುಮ್ಕೆ ನಿಂತ್ಕೊಂಡಂಗಾಯ್ತು ಪಾಪ" ಅಂದ. ಚಿತ್ರಾನ್ನ ತಿಂದೆವು. ನಾನು ಪ್ರತಿ ರೈಲಿಗೂ ಅಮ್ಮನ ಮುಖ ನೋಡುತ್ತಿದ್ದೆ. ನನಗಿದ್ದದ್ದು ಒಂದೇ ಯೋಚನೆ. ಈ ಮುಖದಲ್ಲಿ 'ಹೂಂ' ಅನ್ನೋದು ಹುಟ್ಟುತ್ತಾ? ಹುಟ್ಟದಿದ್ದರೆ ಬೆಳಿಗ್ಗೆ ಬಸ್ಸು ಹತ್ತಿ ಊರಿಗೆ ಹೋಗಿ, ನಾಳಿದ್ದು ಮತ್ತೆ ಅದೇ ಖಾಸಗಿ ಶಾಲೆಯಲ್ಲಿ ಹಾಜರಿ ಕೂಗಬೇಕು.

ನನ್ನ ರೈಲು ಬಂತು.

ಹೆಚ್ಚು ಹೊತ್ತು ನಿಲ್ಲೋದಿಲ್ಲ ಅಂತ ನನಗೆ ಗೊತ್ತಿತ್ತು. ಅಮ್ಮನಿಗೂ ಹೇಳಿದ್ದೆ. ನಾನೂ ಅಪ್ಪನೂ ಡಬ್ಬಿಗಳ ಮೇಲಿನ ಅಕ್ಷರ ಓದುತ್ತಾ, ಮಲಗುವ ಡಬ್ಬಿ ಯಾವುದು, ಬರೀ ಕೂರುವುದು ಯಾವುದು ಅಂತ ನೋಡುತ್ತಾ ಮುಂದೆ ಹೋದೆವು. ಅಮ್ಮ ಹಿಂದೆ ಉಳಿದು ಒಂದೊಂದೇ ಕಿಟಕಿಗೆ ಮುಖ ಕೊಟ್ಟು ಇಣುಕುತ್ತಿದ್ದಳು. ಒಂದು ಬಾಗಿಲಲ್ಲಿ ವಯಸ್ಸಾದ ಹೆಂಗಸೊಬ್ಬಳು ಗಾಳಿಗೆ ನಿಂತಿದ್ದಳು. ಅಮ್ಮ ಅವಳನ್ನು ತೆಲುಗಿನಲ್ಲಿ ಏನೋ ಕೇಳಿದ್ದು, ಅವಳು ಒಳಗೆ ಕೈ ತೋರಿಸಿದ್ದು ದೂರದಿಂದ ಕಂಡಿತು. ನಾನು ಮತ್ತೆ ತಿರುಗಿ ನೋಡುವಷ್ಟರಲ್ಲಿ ಬಾಗಿಲಲ್ಲಿ ಅಮ್ಮನ ಸೀರೆಯ ಅಂಚು ಒಳಗೆ ಹೋಗುತ್ತಿತ್ತು.

"ಅಮ್ಮಾ! ಇಳಿ, ಇಳಿ!"

ಓಡಿದೆ. ಸೀಟಿ ಆಗಿತ್ತು. ರೈಲು ಹೊರಟಾಗ ಸದ್ದೇ ಆಗಲಿಲ್ಲ, ಪ್ಲಾಟ್‌ಫಾರ್ಮೇ ಹಿಂದಕ್ಕೆ ಸರಿದ ಹಾಗೆ ಹೊರಟಿತು. ಅಮ್ಮ ಬಾಗಿಲಿಗೆ ಬಂದಳು. ಒಂದು ಕಾಲು ಕೆಳಗಿನ ಮೆಟ್ಟಿಲಿಗೆ ಇಟ್ಟೇ ಬಿಟ್ಟಿದ್ದಳು. ಆ ಹೆಂಗಸು ಅವಳ ರಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಎಳೆದುಕೊಂಡಳು. ಆ ಕೈಗಳಿಗೆ ನಾನು ಇವತ್ತಿಗೂ ಮನಸ್ಸಿನಲ್ಲೇ ನಮಸ್ಕಾರ ಮಾಡುತ್ತೇನೆ.

"ನಿಲ್ಸಕ್ ಹೇಳೇ! ಒಂಚೂರು ತಡಿ ಅಂತ ಹೇಳು ಅವ್ರಿಗೆ!" ಅಮ್ಮ ಕೂಗುತ್ತಿದ್ದಳು. ನಮ್ಮ ಕಡೆ ಹಿಂದೆ ಓಡುತ್ತಿದ್ದ ಚಿಕ್ಕ ರೈಲನ್ನು ಜನ ಕೈ ಎತ್ತಿ ಕೂಗಿ ನಿಲ್ಲಿಸುತ್ತಿದ್ದರಂತೆ. ಅಮ್ಮನ ತಲೆಯಲ್ಲಿ ರೈಲು ಅಂದರೆ ಇನ್ನೂ ಅದೇ.

ರೈಲು ಹೋಯಿತು. ಅಮ್ಮ ಅದರೊಳಗೆ.

ತಿರುಗಿ ಬರುವಾಗ ಅಪ್ಪ ಒಂದು ಕಡೆ ಬಗ್ಗಿ ನಿಂತಿದ್ದ. ಹಳದಿ ಗೆರೆಯ ಈಚೆಗೆ ಅಮ್ಮನ ಚಪ್ಪಲಿ, ಜೋಡಿಯಾಗಿ, ನೆಟ್ಟಗೆ. ಬಿಟ್ಟು ಹತ್ತಿದ್ದಾಳೆ! ಹುಳುಮನೆಗೆ ಹೋಗುವಾಗ ಬಾಗಿಲಲ್ಲಿ ಚಪ್ಪಲಿ ಬಿಡದೆ ಯಾರೂ ಒಳಗೆ ಕಾಲಿಡುವಂತಿಲ್ಲ, ಹೊರಗಿನ ಧೂಳು ರೋಗ ತರುತ್ತೆ. ಜನ ಮಲಗಿರುವ ಜಾಗ ಅಂತ ಇಲ್ಲಿಯೂ ಬಿಟ್ಟಿದ್ದಾಳೆ. ನನಗೆ ನಗು ಬಂತೋ ಅಳು ಬಂತೋ ಹೇಳಲಾರೆ. ಅಪ್ಪ ಅದನ್ನು ಎತ್ತಿ ಧೂಳು ಕೊಡವಿ ಕೈಯಲ್ಲಿ ಹಿಡಿದುಕೊಂಡ.

ಬಾವುಟದವರು ಬೈದರು. ಬೈಯಬೇಕಾದ್ದೇ. ಆಮೇಲೆ, "ಮುಂದೆ ಹಿಂದೂಪುರದಲ್ಲಿ ನಿಲ್ಲತ್ತೆ. ಅಲ್ಲಿಗೆ ಫೋನ್ ಮಾಡಿ ಹೇಳ್ತೀವಿ, ಇಳಿಸ್ಕೊತಾರೆ. ಬೆಳಗಿನ ಜಾವ ಈ ಕಡೆ ಗಾಡಿ ಇದೆ" ಅಂದರು. ಅಮ್ಮನ ಹತ್ತಿರ ಫೋನಿಲ್ಲ. ಸೊಂಟದಲ್ಲಿ ಎಲೆ ಅಡಿಕೆಯ ಚೀಲದೊಳಗೆ ಎಷ್ಟು ದುಡ್ಡಿದೆಯೋ ಅವಳಿಗೇ ಗೊತ್ತು.

ಎಷ್ಟು ಹೊತ್ತಾಯಿತೋ. ನನ್ನ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು.

"ನಾನೇ ಕಣೇ. ಈಯಮ್ಮನ ಫೋನಿಂದ ಮಾಡಿದೀನಿ. ನನ್ ಚಪ್ಲಿ ಎತ್ತಿಟ್ಕೊಂಡ್ರಾ?"

"ಎತ್ತಿಟ್ಟಿದೀವಿ. ಅಮ್ಮಾ, ಹಿಂದೂಪುರದಲ್ಲಿ ಇಳೀಬೇಕು. ಬೇರೆಲ್ಲೂ ಇಳೀಬೇಡ. ಗೊತ್ತಾಯ್ತಾ?"

"ಗೊತ್ತಾಯ್ತು ಕಣೇ, ಎಲ್ರೂ ಅದನ್ನೇ ಹೇಳ್ತಾವ್ರೆ. ನಿಮ್ಮಪ್ಪನಿಗ್ ಹೇಳು, ಬಾಯಿ ಮಾಡ್ಬೇಡ ಅಂತ."

ಅಷ್ಟರಲ್ಲಿ ಕಟ್ಟಾಯಿತು. ಮತ್ತೆ ಮಾಡಿದರೆ ಸಿಗಲಿಲ್ಲ. ನಮ್ಮ ನಂಬರು ಅಮ್ಮನಿಗೆ ಬಾಯಿಪಾಠ ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಫೋನು ಮುಟ್ಟದವಳು ಅದನ್ನು ಯಾವಾಗ ಕಲಿತಳು, ಯಾಕೆ ಕಲಿತಳು ಅಂತ ಯೋಚಿಸುತ್ತಾ ಕೂತೆ. ನಾನು ಚಿಂತಾಮಣಿಗೆ ಓಡಾಡುವ ಕಾಲದಲ್ಲೇ ಕಲಿತಿರಬೇಕು.

ಆಮೇಲೆ ಬಂದ ರೈಲುಗಳನ್ನು ನಾವು ನೋಡಲಿಲ್ಲ. ಅಂದರೆ ಕಣ್ಣು ನೋಡುತ್ತಿತ್ತು. ಉತ್ತರದ ಕಡೆಯಿಂದ ದೀಪ ಕಂಡಾಗಲೆಲ್ಲ ಅಪ್ಪ ಎದ್ದು ನಿಲ್ಲುತ್ತಿದ್ದ. ಅದು ನಿಲ್ಲದೆ ಧಡಧಡ ಹೋದ ಮೇಲೆ ಕೂರುತ್ತಿದ್ದ. ಅದೇ ರೈಲು, ಅದೇ ಕಿಟಕಿಗಳು. ಆದರೆ ನಮ್ಮವರು ಒಬ್ಬರು ಅದರಲ್ಲಿ ಇರಬಹುದು ಅನ್ನುವಾಗ ನೋಡುವ ಸುಖ ಹೋಗಿಬಿಡುತ್ತದೆ. ಅಮ್ಮ ಇಳಿದಳೋ, ನಿದ್ದೆ ಹೋದಳೋ, ಇಳಿಯುವಾಗ ಎಡವಿದಳೋ. ಯಾರೂ ಹೇಳುವವರಿಲ್ಲ. ಮನೆಯಲ್ಲಿ ಅಮ್ಮ ಹೇಳುತ್ತಿದ್ದದ್ದು ಇದನ್ನೇ ಅಲ್ಲವಾ ಅಂತ ಆಗ ಹೊಳೆಯಿತು. 'ಪಕ್ಕದ ಹಲಗೇಲಿ ಯಾರು' ಅಂತ ಅವಳು ಕೇಳಿದಾಗ ನನಗೆ ಅದು ಹಳ್ಳಿಯವರ ಪ್ರಶ್ನೆ ಅನ್ನಿಸಿತ್ತು. ಈಗ ನಾನೂ ಅದನ್ನೇ ಕೇಳಿಕೊಳ್ಳುತ್ತಾ ಕೂತಿದ್ದೆ.

ಅಪ್ಪ ಹಳಿಯ ಕಡೆ ನೋಡುತ್ತಲೇ, "ಬೇಡ ಬಿಡಮ್ಮ" ಅಂದ.

"ಏನ್ ಬೇಡ?"

"ಆ ಕೆಲಸ."

ನನಗೆ ಮೊದಲು ಅರ್ಥವಾಗಲಿಲ್ಲ. "ಅಪ್ಪಾ, ನೀನೇ ಅಲ್ವಾ ಇಲ್ಲಿಗ್ ಕರ್ಕೊಂಡ್ ಬಂದಿದ್ದು?"

"ಹೌದು, ನಾನೇ. ನೋಡಾಯ್ತಲ್ಲ. ನನ್ ಕೈಲಿ ಆಗಲ್ಲ ಇದು. ನಿಮ್ಮಮ್ಮ ಪಕ್ಕದೂರಿಗ್ ಹೋಗಿದಾಳೆ, ಅದೂ ಫೋನ್ ಬಂದೈತೆ, ಅದಕ್ಕೇ ದೀಪ ಕಂಡಾಗೆಲ್ಲ ಎದ್ದೆದ್ದು ನಿಲ್ತಿದೀನಿ. ನೀನು ರಾಯಚೂರು ದಾಟಿ ಹೋದ್ರೆ ನಾನು ಏನ್ಮಾಡ್ಲಿ? ನಿಮ್ಮಮ್ಮ ಹೇಳಿದ್ದೇ ಸರಿ."

ಕೋಪ ಬಂತು. ಎಷ್ಟು ಕೋಪ ಅಂದರೆ, ಎದ್ದು ಪ್ಲಾಟ್‌ಫಾರ್ಮಿನ ಆ ತುದಿಯವರೆಗೆ ನಡೆದು ಹೋದೆ. ನಾನು ಕಾಲೇಜಿಗೆ ಹೋಗುವಾಗ ಊರಿನವರು ಆಡಿಕೊಂಡರೆ ಅಪ್ಪ ಕಟ್ಟೆಯಲ್ಲೇ ಕೂತು ಉತ್ತರ ಕೊಡುತ್ತಿದ್ದ. 'ನನ್ ಮಗಳು ಓದ್ತಾಳೆ, ನಿಮ್ದೇನ್ ಹೋಗ್ತೈತೆ' ಅನ್ನುತ್ತಿದ್ದ. ನಾನು ಫೇಲಾದ ಸಲವೆಲ್ಲ ಮನೆಯಲ್ಲಿ ಆ ಮಾತು ಎತ್ತದ ಹಾಗೆ ನೋಡಿಕೊಂಡವನು ಅವನು. ಇಡೀ ಜಗತ್ತಿನಲ್ಲಿ ನನ್ನ ಕಡೆಗೆ ಇದ್ದದ್ದು ಒಬ್ಬ. ಅವನೂ ಈಗ ಆ ಕಡೆ. ತುದಿಯಲ್ಲಿ ನಿಂತು ತಿರುಗಿ ನೋಡಿದರೆ, ಬೆಂಚಿನ ಮೇಲೆ ಅಪ್ಪ ಮುದುಡಿ ಕೂತಿದ್ದ. ದೀಪದ ಕೆಳಗೆ ಅವನ ತಲೆ ಎಷ್ಟು ಬೆಳ್ಳಗಾಗಿದೆ ಅಂತ ಅಷ್ಟು ದೂರದಿಂದಲೇ ಕಂಡಿತು. ಬೈಯಬೇಕು ಅಂತ ಕಟ್ಟಿಕೊಂಡಿದ್ದ ಮಾತು ಬಾಯಿಗೆ ಬರಲಿಲ್ಲ. ಹಿಂದಿರುಗಿ ಪಕ್ಕದಲ್ಲೇ ಕೂತೆ.

ಆಕಾಶ ಬೂದಿ ಬಣ್ಣಕ್ಕೆ ತಿರುಗುವ ಹೊತ್ತಿಗೆ ಬೆಂಗಳೂರಿನ ಕಡೆ ಹೋಗುವ ರೈಲು ಬಂದು ನಿಂತಿತು. ಹಾಲಿನ ಕ್ಯಾನಿನವರು, ಕೆಲಸಕ್ಕೆ ಹೋಗುವವರು ಬಾಗಿಲ ಮುಂದೆ ಗುಂಪಾದರು. ಆ ಗುಂಪನ್ನು ಎರಡೂ ಕೈಯಲ್ಲಿ ಸರಿಸುತ್ತಾ, "ಜರಗಂಡಿ, ಜರಗಂಡಿ, ಇಳಿಯೋರ್ಗೆ ಮೊದ್ಲು ದಾರಿ ಬಿಡ್ಬೇಕು" ಅಂತ ತೆಲುಗು ಕನ್ನಡ ಎರಡರಲ್ಲೂ ಬೈಯುತ್ತಾ ಅಮ್ಮ ಇಳಿದಳು. ಬರಿಗಾಲು. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಇಡ್ಲಿ ಪೊಟ್ಟಣ. ರೈಲಲ್ಲೇ ಹುಟ್ಟಿದವಳ ಹಾಗೆ ಇಳಿದಳು.

ಅಪ್ಪ ಚಪ್ಪಲಿಯನ್ನು ಅವಳ ಕಾಲ ಮುಂದೆ ಇಟ್ಟ. ಇಟ್ಟು ಬಾಯಿ ತೆಗೆದ.

"ಬುದ್ಧಿ ಇದ್ಯೇನೇ ನಿಂಗೆ? ರೈಲೇನ್ ಎತ್ತಿನ್ ಗಾಡಿನಾ? ಕಾಲು ಜಾರಿದ್ರೆ?"

"ಜಾರ್ಲಿಲ್ವಲ್ಲ, ಸುಮ್ಕಿರಯ್ಯ. ಇಡ್ಲಿ ತಂದಿದೀನಿ, ತಿನ್ನು."

ಬೆಂಚಿನ ಮೇಲೆ ಕೂತು ಅಮ್ಮ ಎಲ್ಲಾ ಹೇಳಿದಳು. ಆ ಹೆಂಗಸು ಮಗಳ ಬಾಣಂತನಕ್ಕೆ ರಾಯಚೂರಿಗೆ ಹೊರಟವಳಂತೆ. ಒಬ್ಬಳೇ. ವರ್ಷಕ್ಕೆ ಎಷ್ಟೋ ಸಲ ಹೋಗಿ ಬರುತ್ತಾಳಂತೆ. ಪಕ್ಕದ ಹಲಗೆಯಲ್ಲಿ ಬ್ಯಾಂಕಿನ ಹುಡುಗಿಯಂತೆ, ಕಿವಿಗೆ ಏನೋ ಸಿಕ್ಕಿಸಿಕೊಂಡು ಮಲಗಿದ್ದಳಂತೆ, ಇಷ್ಟು ಗಲಾಟೆಗೂ ಏಳಲಿಲ್ಲವಂತೆ. ಹಿಂದೂಪುರದಲ್ಲಿ ಇಳಿದರೆ ಅಲ್ಲಿಯವರೂ ಬೈದರಂತೆ. ಆಮೇಲೆ ಹೆಂಗಸರು ಕೂರುವ ರೂಮು ತೋರಿಸಿದರಂತೆ.

"ಅಲ್ಲಿ ನಾಕೈದ್ ಜನ ಹೆಂಗಸ್ರಿದ್ರು. ನಾನೂ ಒಂದ್ ಕಡೆ ಕೂತ್ಕೊಂಡೆ. ಯಾರೂ ಏನೂ ಕೇಳ್ಲಿಲ್ಲ ಕಣೇ. ಯಾವೂರು ಅಂತ್ಲೂ ಇಲ್ಲ, ಯಾರ್ ಮನೆಯೋಳು ಅಂತ್ಲೂ ಇಲ್ಲ. ಸುಮ್ನೆ ಕೂತಿದ್ದೆ."

"ಹೆದ್ರಿಕೆ ಆಗ್ಲಿಲ್ವಾ?" ನಾನು ಕೇಳಿದೆ.

ಅಮ್ಮ ಕಾಗದ ಬಿಚ್ಚುವುದನ್ನು ನಿಲ್ಲಿಸಿದಳು. "ಇಳಿಯೋವಾಗ ಆಯ್ತು. ಆಮೇಲೆ ಆಗ್ಲಿಲ್ಲ. ಇಷ್ಟೇನಾ ಇದು, ಇಷ್ಟಕ್ಕಾ ನಾನು ಇಷ್ಟ್ ವರ್ಷ ಹೆದ್ರಿದ್ದು ಅನ್ಸ್ತು. ಆವಾಗ ಅಳು ಬಂತು ನೋಡು."

ಅಪ್ಪ ಮುಖ ಒರೆಸಿಕೊಂಡು, "ನಾನು ಇವ್ಳಿಗೆ ಬೇಡ ಅಂತ ಹೇಳಿದೀನಿ" ಅಂದ. "ನಿನ್ ಮಾತೇ ಸರಿ. ರಾತ್ರಿಯೆಲ್ಲ ಇಲ್ಲಿ ಕೂತ್ಕೊಂಡ್ ನೋಡ್ದೆ. ಕಳಿಸ್ಬಿಟ್ಟು ಕಾಯೋದೈತಲ್ಲ, ಅದು ಆಗಲ್ಲ."

ಅಮ್ಮ ಅವನನ್ನೇ ನೋಡಿದಳು.

"ನನ್ನ ಕೊಟ್ಟಾಗ ನಿಮ್ಮನೆ ನೋಡಕ್ಕೆ ಯಾರ್ ಬಂದಿದ್ರು?"

"ನಿಮ್ಮಪ್ಪ, ನಿಮ್ ಚಿಕ್ಕಪ್ಪ. ಯಾಕೆ?"

"ನಾನು ಬಂದಿದ್ನಾ?"

"ಹೆಣ್ಣು ಎಲ್ಲಾದ್ರೂ ಮನೆ ನೋಡಕ್ಕೆ ಬರ್ತಾಳಾ?"

"ಅದೇ. ನಾನು ನಿಮ್ಮನೆ ಹೆಂಗೈತೆ ಅಂತ ನೋಡಿದ್ದು ಸೇರಕ್ಕಿ ಒದ್ದು ಒಳಗ್ ಬಂದ್ಮೇಲೆ. ಪಕ್ಕದ್ ಹಲಗೇಲಿ ಯಾರು ಅಂತ ನಂಗ್ಯಾರೂ ಹೇಳ್ಲಿಲ್ಲ. ನಮ್ಮಮ್ಮ ಕಾಯ್ಲಿಲ್ವಾ? ಆವಾಗ ಫೋನಿತ್ತಾ?" ಅಮ್ಮ ಇಡ್ಲಿಯನ್ನು ಅವನ ಕೈಗೆ ಕೊಟ್ಟಳು. "ಮದ್ವೆ ಮಾಡಿ ಕಳ್ಸೋದಾದ್ರೆ ರಾಯಚೂರಲ್ಲ, ಕಾಶಿಗ್ ಬೇಕಾದ್ರೂ ಕಳಿಸ್ತೀವಿ. ವಾಲಗ ಊದಿಸಿ ಕಳಿಸ್ತೀವಿ. ಕೆಲಸಕ್ಕೆ ಅಂದ್ರೆ ಮಾತ್ರ ಇಬ್ರಿಗೂ ಹೊಟ್ಟೆ ನೋವು."

ಅಮ್ಮನಿಗೂ ಇದು ಮೊದಲೇ ಗೊತ್ತಿತ್ತು ಅಂತ ನನಗನ್ನಿಸುವುದಿಲ್ಲ. ಆ ರೂಮಿನಲ್ಲಿ ಯಾರೂ ಏನೂ ಕೇಳದೆ ಇದ್ದ ಹೊತ್ತಿನಲ್ಲಿ ಅವಳಿಗೆ ಬಂದ ಮಾತಿರಬೇಕು.

ಅಪ್ಪ ನನ್ನ ಕಡೆ ತಿರುಗಿದ. "ನೀನ್ ಹೇಳಮ್ಮ. ನಿಂಗ್ ಹೋಗ್ಬೇಕಾ?"

ಅಲ್ಲಿಯವರೆಗೆ ನಾನು ಗಡುವಿನ ಮಾತು ಹೇಳಿದ್ದೆ, ವಯಸ್ಸಿನ ಮಾತು ಹೇಳಿದ್ದೆ, ಸರ್ಕಾರಿ ಕೆಲಸ ಬಿಟ್ಟರೆ ಮತ್ತೆ ಬರೋದಿಲ್ಲ ಅನ್ನೋದನ್ನು ಹೇಳಿದ್ದೆ. ಅವೆಲ್ಲ ನಿಜವೇ. ಆದರೆ ಆ ಒಂದು ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಬಾಯಿಬಿಟ್ಟು ಹೇಳಿರಲಿಲ್ಲ. ನನ್ನದೇ ಒಂದು ಕೋಣೆ, ನನ್ನದೇ ತರಗತಿ, ನನ್ನನ್ನು ಯಾರ ಮಗಳು ಅಂತ ಕೇಳದ ಊರು. ನನಗೆ ಬೇಕಾಗಿದ್ದದ್ದು ಅದು. ಅಪ್ಪ ಅಮ್ಮನನ್ನು ಬಿಟ್ಟು ಹೋಗುವ ಆಸೆಯನ್ನು ಅವರ ಮುಖ ನೋಡಿಕೊಂಡು ಹೇಳುವುದು ಸುಲಭವಲ್ಲ.

"ಹೋಗ್ಬೇಕಪ್ಪ" ಅಂದೆ. "ನಂಗೆ ಆಸೆ ಐತೆ."

ಅಪ್ಪ ಇಡ್ಲಿ ಪೂರ್ತಿ ತಿಂದ. ನಲ್ಲಿಯಲ್ಲಿ ಕೈ ತೊಳೆದುಕೊಂಡು ಬಂದು ಟವೆಲ್ಲಿನಲ್ಲಿ ಒರೆಸಿಕೊಂಡ. ಟಿಕೆಟ್ ಕೊಡುವ ಜಾಗ ತೆಗೆಯುವುದು ಎಷ್ಟು ಹೊತ್ತಿಗೆ ಅಂತ ಬಾವುಟದವರನ್ನು ಕೇಳಿದ. ಬಿಸಿಲು ಬರುವ ತನಕ ಕಾದೆವು. ಕೌಂಟರಿನ ಮುಂದೆ ಮೊದಲು ನಿಂತವನು ಅಪ್ಪನೇ. ನನ್ನ ಆಧಾರ್ ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಒಳಗಿನವರ ಹತ್ತಿರ ಏನೋ ಮಾತಾಡಿ, ಅಲ್ಲಿಂದಲೇ ತಿರುಗಿ ಕೂಗಿದ:

"ಮೇಲಿನ ಬರ್ತ್ ಬೇಕಾ ಕೆಳಗಿನದಾ ಅಂತ ಕೇಳ್ತಾವ್ರೆ!"

ನಾನು ಬಾಯಿ ತೆಗೆಯುವ ಮೊದಲೇ ಅಮ್ಮ ಹೇಳಿದಳು. "ಕೆಳಗಿನದು ತಗೋ. ಮೇಲಿನದ್ರಲ್ಲಿ ಕೂತ್ಕೊಳಕ್ ಆಗಲ್ಲ, ತಲೆ ತಾಕತ್ತೆ."

"ನಿಂಗ್ ಹೆಂಗೆ ಗೊತ್ತು?"

"ಹಿಂದೂಪುರ ಬರೋಗಂಟ ಸುಮ್ನೆ ಕೂತಿದ್ನಾ? ಹತ್ತಿ ನೋಡ್ದೆ."